ವಾಯುಪಡೆಯೋ, ಸಿಪಿಎಲ್ ಶಾಲೆಯೋ? ಪೈಲಟ್ ಆಗಬಯಸುವವರು ತೂಗಿ ನೋಡಬೇಕಾದ ಸಂಗತಿಗಳು

ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಓದುತ್ತಾ ವಿಮಾನ ಹಾರಿಸಲೇಬೇಕು ಎಂದು ನಿಶ್ಚಯಿಸಿಕೊಂಡವರ ಮುಂದೆ ಎರಡು ದಾರಿಗಳಿವೆ. ಭಾರತೀಯ ವಾಯುಪಡೆಗೆ ಆಯ್ಕೆಯಾಗಿ ಸರ್ಕಾರದ ಖರ್ಚಿನಲ್ಲಿ ಕಲಿಯುವುದು ಒಂದು. ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎಯ ಮಾನ್ಯತೆ ಇರುವ ಶಾಲೆಗೆ ಸ್ವಂತ ಹಣ ಕಟ್ಟಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಅಂದರೆ ಸಿಪಿಎಲ್ ಮಾಡಿಕೊಳ್ಳುವುದು ಇನ್ನೊಂದು. ಎರಡರಲ್ಲೂ ಕೊನೆಗೆ ಸಿಗುವುದು ಒಂದೇ ಕೆಲಸ ಎಂದುಕೊಂಡು ಬರೀ ಖರ್ಚನ್ನು ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ವಾಯುಪಡೆಯಲ್ಲಿ ನೀವು ಮೊದಲು ಸೇನಾಧಿಕಾರಿ, ಆಮೇಲೆ ಪೈಲಟ್. ಯಾವ ವಿಮಾನ, ಯಾವ ಊರು, ಎಷ್ಟು ವರ್ಷ ಎಂಬುದನ್ನು ಪಡೆಯೇ ನಿರ್ಧರಿಸುತ್ತದೆ. ಸಿವಿಲ್ ದಾರಿಯಲ್ಲಿ ಈ ತೀರ್ಮಾನಗಳೆಲ್ಲ ನಿಮ್ಮವು, ನಷ್ಟದ ಹೊರೆಯೂ ನಿಮ್ಮದೇ.

ಯಾವ ಅಳತೆಗೋಲುಗಳಿಂದ ತೂಗಬೇಕು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳೋಣ. ವಯಸ್ಸು, ದೇಹದ ಅಳತೆ ಮತ್ತು ಕಣ್ಣು, ಹಣ, ಕೆಲಸಕ್ಕೆ ಸೇರುವವರೆಗೆ ಹಿಡಿಯುವ ಕಾಲ, ನಡುವೆ ಕೈಕೊಟ್ಟರೆ ಉಳಿಯುವುದೇನು, ಮುಂದೆ ದಾರಿ ಬದಲಿಸಲು ಎಷ್ಟು ಅವಕಾಶ. ಇವುಗಳಲ್ಲಿ ಮೊದಲ ಎರಡು ನಿಮ್ಮ ಇಷ್ಟಾನಿಷ್ಟ ಕೇಳುವುದಿಲ್ಲ. ಹಾಗಾಗಿ ಅಲ್ಲಿಂದಲೇ ಶುರುಮಾಡಬೇಕು.

ವಯಸ್ಸು

ವಾಯುಪಡೆಯ ಬಾಗಿಲು ಬೇಗ ಮುಚ್ಚುತ್ತದೆ. ಪಿಯುಸಿ ಆಧಾರದ ನ್ಯಾಷನಲ್ ಡಿಫೆನ್ಸ್ ಅಕಾಡೆಮಿ, ಅಂದರೆ ಎನ್‌ಡಿಎ ಮೂಲಕ ಹೋಗುವವರಿಗೆ ಕೋರ್ಸ್ ಆರಂಭವಾಗುವ ಹೊತ್ತಿಗೆ ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವರ್ಷ ಇರಬೇಕು. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಸುತ್ತದೆ: ಗಣಿತಕ್ಕೆ 300 ಅಂಕ, ಸಾಮಾನ್ಯ ಸಾಮರ್ಥ್ಯಕ್ಕೆ 600, ಆಮೇಲಿನ ಆಯ್ಕೆ ಮಂಡಳಿಗೆ 900. ಪದವಿ ಮುಗಿಸಿದವರಿಗೆ ಯುಪಿಎಸ್‌ಸಿಯ ಸಿಡಿಎಸ್ ಮತ್ತು ವಾಯುಪಡೆಯೇ ನಡೆಸುವ ಎಎಫ್‌ಕ್ಯಾಟ್ ಪರೀಕ್ಷೆಗಳಿವೆ. ಫ್ಲೈಯಿಂಗ್ ಶಾಖೆಗೆ 20ರಿಂದ 24 ವರ್ಷ. ಎನ್‌ಸಿಸಿ ಏರ್ ವಿಂಗ್‌ನ ‘ಸಿ’ ಸರ್ಟಿಫಿಕೇಟ್ ಇರುವವರಿಗೆ ಪ್ರತ್ಯೇಕ ಪ್ರವೇಶವಿದ್ದು, ಅವರು ಲಿಖಿತ ಪರೀಕ್ಷೆ ಇಲ್ಲದೆ ನೇರ ಆಯ್ಕೆ ಮಂಡಳಿಯ ಮುಂದೆ ಹೋಗಬಹುದು. ಡಿಜಿಸಿಎ ನೀಡಿದ ಸಿಪಿಎಲ್ ಚಾಲ್ತಿಯಲ್ಲಿದ್ದರೆ ವಯಸ್ಸಿನ ಮಿತಿ 26ರವರೆಗೆ ಸಡಿಲವಾಗುತ್ತದೆ. ಇದು ಅನೇಕರಿಗೆ ಗೊತ್ತಿಲ್ಲ, ಆದರೆ ಎರಡೂ ದಾರಿಗಳ ನಡುವೆ ತೂಗಾಡುವವರಿಗೆ ತುಂಬ ಮುಖ್ಯವಾದ ನಿಯಮ. 25 ತುಂಬುವವರೆಗೆ ಮದುವೆಯಾಗಿರಬಾರದು ಎಂಬ ಷರತ್ತೂ ಇದೆ.

ಸಿವಿಲ್‌ನಲ್ಲಿ 16ಕ್ಕೆ ಸ್ಟೂಡೆಂಟ್ ಪೈಲಟ್ ಲೈಸೆನ್ಸ್, 18ಕ್ಕೆ ಸಿಪಿಎಲ್. ಮೇಲಿನ ಮಿತಿ ಎಂಬುದು ಕಾನೂನಿನಲ್ಲಿ ಇಲ್ಲವೆಂದೇ ಹೇಳಬೇಕು. ಏರ್‌ಲೈನ್ ಪೈಲಟ್ 65ರವರೆಗೆ ಹಾರಿಸಬಹುದು. 28ಕ್ಕೆ ಶುರುಮಾಡಿದರೂ ಮೂವತ್ತು ವರ್ಷಕ್ಕೂ ಹೆಚ್ಚಿನ ವೃತ್ತಿಜೀವನ ಉಳಿದಿರುತ್ತದೆ. ಈ ಒಂದು ವ್ಯತ್ಯಾಸವೇ ನಮ್ಮ ಸಲಹೆಯ ತಿರುಳು. ಎರಡರ ಮೇಲೂ ಆಸೆ ಇದ್ದರೆ ಮುಚ್ಚಿಹೋಗುವ ಬಾಗಿಲನ್ನು ಮೊದಲು ತಟ್ಟಿ, ಇನ್ನೊಂದು ಕಾಯುತ್ತದೆ.

ದೇಹ ಮತ್ತು ಕಣ್ಣು

ವಾಯುಪಡೆಯ ಪೈಲಟ್‌ಗೆ ಕನಿಷ್ಠ ಎತ್ತರ 162.5 ಸೆಂ.ಮೀ. ಬರೀ ಎತ್ತರ ಸಾಲದು. ಕಾಲಿನ ಉದ್ದ 99ರಿಂದ 120 ಸೆಂ.ಮೀ., ಕುಳಿತಾಗಿನ ಎತ್ತರ 81.5ರಿಂದ 96, ತೊಡೆಯ ಉದ್ದ ಹೆಚ್ಚೆಂದರೆ 64. ಇವು ಕಾಕ್‌ಪಿಟ್‌ನ ಅಳತೆಯಿಂದ ಬಂದ ಮಿತಿಗಳು. ತೊಡೆ ಉದ್ದವಾಗಿದ್ದರೆ ಇಜೆಕ್ಷನ್ ಸೀಟು ಸಿಡಿದು ಹೊರಬರುವಾಗ ಮಂಡಿ ಮುಂದಿನ ಫಲಕಕ್ಕೆ ಬಡಿಯುತ್ತದೆ, ಕಾಲು ಗಿಡ್ಡವಾಗಿದ್ದರೆ ರಡರ್ ಪೆಡಲ್ ಪೂರ್ತಿ ಒತ್ತಲಾಗುವುದಿಲ್ಲ. ಸಮೀಪದೃಷ್ಟಿ, ಅಂದರೆ ಮೈನಸ್ ನಂಬರು ಇದ್ದರೆ ಫ್ಲೈಯಿಂಗ್ ಶಾಖೆಗೆ ಇಲ್ಲ. ಲೇಸಿಕ್ ಮಾಡಿಸಿಕೊಂಡವರನ್ನು ಪರಿಗಣಿಸುವ ನಿಯಮಗಳಿವೆ. ಶಸ್ತ್ರಚಿಕಿತ್ಸೆಯ ವೇಳೆ 20 ವರ್ಷ ಆಗಿರಬೇಕು, ಆಮೇಲೆ 12 ತಿಂಗಳು ಕಳೆದಿರಬೇಕು, ಮೊದಲಿದ್ದ ನಂಬರು ಮತ್ತು ಕಾರ್ನಿಯಾದ ದಪ್ಪಕ್ಕೂ ಮಿತಿ ಇದೆ. ಆ ಸಾಲಿನ ಅಧಿಸೂಚನೆಯ ವೈದ್ಯಕೀಯ ಅನುಬಂಧವನ್ನು ಕಣ್ಣಿನ ವೈದ್ಯರ ಎದುರಿಗಿಟ್ಟು ಓದಿಸದೆ ಲೇಸಿಕ್‌ಗೆ ಹೋಗಬೇಡಿ.

ಸಿವಿಲ್‌ನಲ್ಲಿ ಕನ್ನಡಕಕ್ಕೆ ಅಡ್ಡಿಯಿಲ್ಲ, ಕನ್ನಡಕದೊಂದಿಗೆ ನಿಗದಿತ ದೃಷ್ಟಿ ಬಂದರೆ ಸಾಕು. ಬಣ್ಣಗಳನ್ನು ಗುರುತಿಸುವ ಪರೀಕ್ಷೆ ಮಾತ್ರ ಎರಡೂ ಕಡೆ ಗಂಭೀರವಾದದ್ದು. ಬಣ್ಣಗುರುಡು ಇದೆ ಎಂಬುದು ಬಹುಪಾಲು ಹುಡುಗರಿಗೆ ಪರೀಕ್ಷೆಯ ದಿನವೇ ಗೊತ್ತಾಗುತ್ತದೆ. ಊರಿನ ಯಾವುದೇ ಕಣ್ಣಿನ ಆಸ್ಪತ್ರೆಯಲ್ಲಿ ಇಶಿಹಾರ ಪುಸ್ತಕ ತೋರಿಸಿ ಹತ್ತು ನಿಮಿಷದಲ್ಲಿ ಹೇಳುತ್ತಾರೆ. ಇದನ್ನು ಎಸ್‌ಎಸ್‌ಎಲ್‌ಸಿ ಹಂತದಲ್ಲೇ ಮಾಡಿಸಿ.

ಸಿಪಿಎಲ್‌ಗೆ ಮೊದಲು ಡಿಜಿಸಿಎ ಪಟ್ಟಿಯಲ್ಲಿರುವ ವೈದ್ಯರಿಂದ ಕ್ಲಾಸ್-2 ವೈದ್ಯಕೀಯ ಪ್ರಮಾಣಪತ್ರ, ಆಮೇಲೆ ಕ್ಲಾಸ್-1. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲೂ ಕ್ಲಾಸ್-1 ಆಗುತ್ತದೆ. ವಾಯುಪಡೆಗೆ ಆಯ್ಕೆಯಾದವರ ವೈದ್ಯಕೀಯ ಪರೀಕ್ಷೆಯೂ ಅಲ್ಲಿ ಅಥವಾ ದೆಹಲಿಯಲ್ಲಿ ನಡೆಯುತ್ತದೆ. ಶಾಲೆಯವರು “ಕ್ಲಾಸ್-2 ಸಾಕು, ಸೇರಿಬಿಡಿ” ಎನ್ನುತ್ತಾರೆ. ಹಾರಾಟ ಶುರುಮಾಡಲು ಅದು ಸಾಕು, ನಿಜ. ಆದರೆ ಲೈಸೆನ್ಸ್ ಸಿಗುವುದು ಕ್ಲಾಸ್-1 ಇದ್ದರೆ ಮಾತ್ರ. ಕ್ಲಾಸ್-1 ಕೈಗೆ ಬರುವ ಮೊದಲು ಒಂದು ರೂಪಾಯಿಯನ್ನೂ ಶಾಲೆಗೆ ಕಟ್ಟಬಾರದು.

ವಾಯುಪಡೆಯ ದಾರಿ: ಹಣವಿಲ್ಲದಿದ್ದರೂ ಸಾಗುತ್ತದೆ, ಆದರೆ ಜರಡಿ ಸಣ್ಣದು

ಲಿಖಿತ ಪರೀಕ್ಷೆ ದಾಟಿದವರಿಗೆ ವಾಯುಪಡೆಯ ಆಯ್ಕೆ ಮಂಡಳಿ. ಅಂಥ ಮಂಡಳಿಗಳಲ್ಲಿ ಒಂದು ಮೈಸೂರಿನಲ್ಲೇ ಇದೆ. ಮೊದಲ ದಿನದ ಸ್ಕ್ರೀನಿಂಗ್‌ನಲ್ಲೇ ಬಹಳ ಮಂದಿ ವಾಪಸಾಗುತ್ತಾರೆ. ಉಳಿದವರಿಗೆ ಮನಃಶಾಸ್ತ್ರದ ಪರೀಕ್ಷೆ, ಗುಂಪು ಚಟುವಟಿಕೆ, ಸಂದರ್ಶನ. ಫ್ಲೈಯಿಂಗ್ ಶಾಖೆಗೆ ಶಿಫಾರಸಾದವರು ಕೊನೆಗೆ ಸಿಪಿಎಸ್‌ಎಸ್ ಎಂಬ ಕಂಪ್ಯೂಟರ್ ಪರೀಕ್ಷೆ ಎದುರಿಸುತ್ತಾರೆ. ಜಾಯ್‌ಸ್ಟಿಕ್, ಪೆಡಲ್, ಪರದೆ ಇವುಗಳ ಮೇಲೆ ಕೈ, ಕಾಲು, ಕಣ್ಣು ಒಟ್ಟಿಗೆ ಎಷ್ಟು ಹೊಂದಿಕೊಂಡು ಕೆಲಸ ಮಾಡುತ್ತವೆ ಎಂದು ಅದು ಅಳೆಯುತ್ತದೆ. ಇದನ್ನು ಜೀವನದಲ್ಲಿ ಒಂದೇ ಸಲ ಬರೆಯಬಹುದು. ಎನ್‌ಡಿಎ ಆಯ್ಕೆಯ ವೇಳೆ ಈ ಪರೀಕ್ಷೆಯಲ್ಲಿ ಅನುತ್ತೀರ್ಣರಾದವರಿಗೆ ಎಎಫ್‌ಕ್ಯಾಟ್ ಮೂಲಕವೂ ಫ್ಲೈಯಿಂಗ್ ಶಾಖೆ ಇಲ್ಲ. “ಮೊದಲ ಸಲ ಸುಮ್ಮನೆ ನೋಡಿಬರೋಣ” ಎಂಬ ಮನಸ್ಸಿನಿಂದ ಮಂಡಳಿಗೆ ಹೋಗುವುದು ಹಾಗಾಗಿ ಅಪಾಯ. ಹಿಂದಿನ ರಾತ್ರಿ ನಿದ್ದೆ, ಪರೀಕ್ಷೆಗೆ ಮುನ್ನ ಸೂಚನೆಗಳನ್ನು ಎರಡು ಸಲ ಓದುವುದು ಇಂಥ ಸಣ್ಣ ವಿಷಯಗಳೂ ಇಲ್ಲಿ ಲೆಕ್ಕಕ್ಕೆ ಬರುತ್ತವೆ.

ಎನ್‌ಡಿಎಯವರಿಗೆ ಖಡಕ್‌ವಾಸ್ಲಾದಲ್ಲಿ ಮೂರು ವರ್ಷ, ಆಮೇಲೆ ಹೈದರಾಬಾದ್ ಹೊರವಲಯದ ದುಂಡಿಗಲ್‌ನ ಏರ್ ಫೋರ್ಸ್ ಅಕಾಡೆಮಿ. ಎಎಫ್‌ಕ್ಯಾಟ್‌ನವರು ನೇರ ದುಂಡಿಗಲ್‌ಗೆ ಹೋಗುತ್ತಾರೆ, ತರಬೇತಿ ಸುಮಾರು 62 ವಾರ. ಮೊದಲ ಹಾರಾಟ ಪಿಲಾಟಸ್ ಪಿಸಿ-7 ಮಾರ್ಕ್-2 ವಿಮಾನದಲ್ಲಿ. ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ಎಚ್‌ಟಿಟಿ-40 ವಿಮಾನಗಳು 70ರಷ್ಟು ಸೇರ್ಪಡೆಯಾಗಲು 2023ರಲ್ಲಿ ಒಪ್ಪಂದವಾಗಿದೆ. ಇಲ್ಲಿ ಕಲಿಸುವುದು ಸಿವಿಲ್ ಶಾಲೆಯ ಪಾಠಕ್ಕಿಂತ ತೀರ ಬೇರೆ: ವಿಮಾನವನ್ನು ಬೇಕೆಂದೇ ಸ್ಪಿನ್‌ಗೆ ಕೆಡವಿ ಹೊರತರುವುದು, ಲೂಪ್, ರೋಲ್, ಜೊತೆಜೊತೆಯಾಗಿ ಹಾರುವ ಫಾರ್ಮೇಷನ್, ತಗ್ಗಿನಲ್ಲಿ ಹಾರುವ ನ್ಯಾವಿಗೇಷನ್. ಪ್ರತಿ ಹಾರಾಟಕ್ಕೂ ಗ್ರೇಡ್ ಬೀಳುತ್ತದೆ.

ಮೊದಲ ಹಂತ ಮುಗಿದಾಗ ಫೈಟರ್, ಟ್ರಾನ್ಸ್‌ಪೋರ್ಟ್, ಹೆಲಿಕಾಪ್ಟರ್ ಎಂದು ಮೂರು ಕವಲು. ನಿಮ್ಮ ಇಚ್ಛೆಯನ್ನು ಕೇಳುತ್ತಾರೆ, ಆದರೆ ತೀರ್ಮಾನಿಸುವುದು ನಿಮ್ಮ ಗ್ರೇಡು ಮತ್ತು ಪಡೆಯ ಆಗಿನ ಅಗತ್ಯ. ಫೈಟರ್‌ನವರಿಗೆ ಹಕೀಂಪೇಟೆಯಲ್ಲಿ ಕಿರಣ್ ಜೆಟ್, ಆಮೇಲೆ ನಮ್ಮ ಬೀದರ್‌ನಲ್ಲಿ ಹಾಕ್ ಮಾರ್ಕ್-132. 2016ರಲ್ಲಿ ಕಮಿಷನ್ ಪಡೆದ, ಅಂದರೆ ಅಧಿಕಾರಿಗಳಾಗಿ ನೇಮಕಗೊಂಡ ದೇಶದ ಮೊದಲ ಮೂವರು ಮಹಿಳಾ ಫೈಟರ್ ಪೈಲಟ್‌ಗಳು ಹಾಕ್ ಕಲಿತದ್ದೂ ಬೀದರ್‌ನಲ್ಲೇ. ಟ್ರಾನ್ಸ್‌ಪೋರ್ಟ್‌ನವರು ಯಲಹಂಕಕ್ಕೆ, ಹೆಲಿಕಾಪ್ಟರ್‌ನವರು ಹಕೀಂಪೇಟೆಗೆ. ಫೈಟರ್ ಮಾತ್ರ ಬೇಕು, ಹೆಲಿಕಾಪ್ಟರ್ ಕೊಟ್ಟರೆ ಬೇಡ ಎನ್ನುವವರಿಗೆ ಈ ದಾರಿ ಒಗ್ಗುವುದಿಲ್ಲ. ಸಿಯಾಚಿನ್‌ಗೆ ಸಾಮಾನು ಇಳಿಸುವ, ಪ್ರವಾಹದಲ್ಲಿ ಸಿಕ್ಕವರನ್ನು ಎತ್ತಿ ತರುವ ಕೆಲಸವೂ ಅಷ್ಟೇ ದೊಡ್ಡದು ಎಂದು ಮನಸಾರೆ ಒಪ್ಪಿದವರು ಮಾತ್ರ ಅರ್ಜಿ ಹಾಕಿ.

ನಿಗದಿತ ಗಂಟೆಗಳೊಳಗೆ ಸೋಲೊ, ಅಂದರೆ ಒಬ್ಬರೇ ಹಾರಾಟ ಮಾಡಲಾಗದವರನ್ನು, ಗ್ರೇಡ್ ಪದೇಪದೇ ಕುಸಿದವರನ್ನು ಹಾರಾಟದಿಂದ ನಿಲ್ಲಿಸುತ್ತಾರೆ. ಇದಕ್ಕೆ ಮುಖ್ಯ ಕಾರಣ ಧೈರ್ಯದ ಕೊರತೆಯಲ್ಲ, ಕಲಿಕೆಯ ವೇಗ. ಒಂದು ಹಾರಾಟದ ತಪ್ಪನ್ನು ಮುಂದಿನ ಹಾರಾಟದಷ್ಟರಲ್ಲಿ ತಿದ್ದಿಕೊಳ್ಳಲಾಗದಿದ್ದರೆ ಪಾಠಪಟ್ಟಿ ಕಾಯುವುದಿಲ್ಲ. ಇನ್ನು ಕೆಲವರಿಗೆ ಏರೋಬ್ಯಾಟಿಕ್ಸ್‌ನಲ್ಲಿ ಬರುವ ವಾಕರಿಕೆ ಹೋಗುವುದೇ ಇಲ್ಲ. ಹೀಗೆ ನಿಂತವರಿಗೆ ಸಾಮಾನ್ಯವಾಗಿ ಬೇರೆ ಶಾಖೆಯ ಅವಕಾಶ ಇರುತ್ತದೆ, ಸಾಲ ಮಾತ್ರ ಇರುವುದಿಲ್ಲ. ತಾವಾಗಿಯೇ ಬಿಟ್ಟುಹೋದವರು ತರಬೇತಿ ವೆಚ್ಚ ಹಿಂದಿರುಗಿಸಬೇಕೆಂದು ಸೇರುವಾಗಲೇ ಬಾಂಡ್ ಬರೆಸಿಕೊಳ್ಳುತ್ತಾರೆ. ಸಹಿ ಹಾಕುವ ತಂದೆತಾಯಿ ಅದನ್ನು ಪೂರ್ತಿ ಓದಬೇಕು.

ಹಣದ ಮಾತು ಇಷ್ಟೇ: ಅಕಾಡೆಮಿಯ ಹಂತದಲ್ಲಿ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್. ಕಮಿಷನ್ ಆದ ಮೇಲೆ ಅದೇ ಮೂಲವೇತನ, ಮಿಲಿಟರಿ ಸರ್ವಿಸ್ ಪೇ 15,500, ಅಧಿಸೂಚನೆಗಳು ಹೇಳುವ ಫ್ಲೈಯಿಂಗ್ ಭತ್ಯೆ 25,000, ಜೊತೆಗೆ ತುಟ್ಟಿಭತ್ಯೆ, ವಸತಿ, ಕುಟುಂಬದ ವೈದ್ಯಕೀಯ ಸೌಲಭ್ಯ.

ಸಿವಿಲ್ ದಾರಿ: ಶಾಲೆಯ ಆಯ್ಕೆಯಲ್ಲೇ ಅರ್ಧ ತೀರ್ಮಾನ

ಸಿಪಿಎಲ್‌ಗೆ ಬೇಕಾದ ಒಟ್ಟು ಹಾರಾಟ 200 ಗಂಟೆ. ಅದರೊಳಗೆ ಪೈಲಟ್-ಇನ್-ಕಮಾಂಡ್ ಆಗಿ, ಅಂದರೆ ವಿಮಾನದ ಪೂರ್ತಿ ಹೊಣೆ ಹೊತ್ತು 100 ಗಂಟೆ. ಊರಿಂದೂರಿಗೆ ಹಾರುವ ಕ್ರಾಸ್‌ಕಂಟ್ರಿ 20 ಗಂಟೆ, ಅದರಲ್ಲಿ ಒಂದು ಹಾರಾಟ 300 ನಾಟಿಕಲ್ ಮೈಲಿಗೆ ಕಡಿಮೆಯಿಲ್ಲದೆ, ನಡುವೆ ಎರಡು ಬೇರೆ ನಿಲ್ದಾಣಗಳಲ್ಲಿ ಪೂರ್ತಿ ಇಳಿದು. ಹೊರಗೆ ನೋಡದೆ ಉಪಕರಣಗಳನ್ನಷ್ಟೇ ನೋಡಿ ಹಾರುವ ಇನ್‌ಸ್ಟ್ರುಮೆಂಟ್ 10 ಗಂಟೆ. ರಾತ್ರಿ 5 ಗಂಟೆ, ಹತ್ತು ಟೇಕಾಫ್ ಮತ್ತು ಹತ್ತು ಲ್ಯಾಂಡಿಂಗ್ ಸಹಿತ. ಪರೀಕ್ಷೆಗಳು ಏರ್ ರೆಗ್ಯುಲೇಷನ್ಸ್, ನ್ಯಾವಿಗೇಷನ್, ಮೀಟಿಯರಾಲಜಿ, ಟೆಕ್ನಿಕಲ್ ಜನರಲ್, ಟೆಕ್ನಿಕಲ್ ಸ್ಪೆಸಿಫಿಕ್. ಪ್ರತಿಯೊಂದರಲ್ಲೂ 70 ಅಂಕ ಬೇಕು. ರೇಡಿಯೋ ಮಾತುಕತೆಗೆ ಆರ್‌ಟಿಆರ್ ಎಂಬ ಲೈಸೆನ್ಸ್ ಪ್ರತ್ಯೇಕ. ನ್ಯಾವಿಗೇಷನ್, ಮೀಟಿಯರಾಲಜಿ, ರೆಗ್ಯುಲೇಷನ್ಸ್ ಈ ಮೂರನ್ನಾದರೂ ಶಾಲೆಗೆ ಸೇರುವ ಮೊದಲೇ ಮುಗಿಸಿ. ಏರ್‌ಫೀಲ್ಡ್‌ನಲ್ಲಿ ಬೆಳಗ್ಗೆ ಹಾರಿ, ಮಧ್ಯಾಹ್ನ ಬಿಸಿಲಲ್ಲಿ ಕಾದು, ರಾತ್ರಿ ಓದಿ ಪಾಸಾಗುವುದು ಹೇಳಿದಷ್ಟು ಸುಲಭವಲ್ಲ.

ಇನ್ನೊಂದು ಸಣ್ಣ ಆದರೆ ಕಾಡುವ ವಿಷಯ ಹೆಸರಿನದು. ನಮ್ಮ ಕಡೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಹೆಸರು, ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರೂ ಸೇರಿರುತ್ತದೆ. ಡಿಜಿಸಿಎಗೆ ಎಲ್ಲದರಲ್ಲೂ ಹೆಸರು ಒಂದೇ ಬೇಕು. ಡಿಜಿಸಿಎ ಪರೀಕ್ಷೆ ಬರೆಯಲು ಬೇಕಾದ ಕಂಪ್ಯೂಟರ್ ನಂಬರ್‌ಗೆ ಅರ್ಜಿ ಹಾಕುವ ಮೊದಲೇ ಸರಿಪಡಿಸಿಕೊಳ್ಳಿ. ಅಂಕಪಟ್ಟಿಯನ್ನು ಶಿಕ್ಷಣ ಮಂಡಳಿಯಿಂದ ಪರಿಶೀಲಿಸಿ ತರುವ ಪತ್ರಕ್ಕೂ ಸಮಯ ಇಟ್ಟುಕೊಳ್ಳಿ.

ಈಗ ಶಾಲೆ. ರಾಯಬರೇಲಿ ಹತ್ತಿರದ ಫುರ್ಸತ್‌ಗಂಜ್‌ನ ಇಗ್ರುವಾ ಎಂಬ ಶಾಲೆ ಕೇಂದ್ರ ಸರ್ಕಾರದ್ದು, ಪ್ರವೇಶ ಪರೀಕ್ಷೆಯ ಮೂಲಕ ಸೀಟು. ಕರ್ನಾಟಕದಲ್ಲಿ ಜಕ್ಕೂರಿನ ಸರ್ಕಾರಿ ಶಾಲೆ ಬಲು ಹಳೆಯದು. ವಿಮಾನ ನಿಲ್ದಾಣ ಪ್ರಾಧಿಕಾರ ತರಬೇತಿ ಶಾಲೆಗಳಿಗೆ ಜಾಗ ಕೊಡುವ ನೀತಿ ತಂದಾಗ ಮೊದಲು ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿ, ಕಲಬುರಗಿ ಎರಡೂ ಇದ್ದವು. ಮನೆಗೆ ಹತ್ತಿರ ಎಂಬ ಕಾರಣಕ್ಕೆ ಮಾತ್ರ ಯಾವುದನ್ನೂ ಆರಿಸಬೇಡಿ. ಡಿಜಿಸಿಎ 2025ರ ಅಕ್ಟೋಬರ್‌ನಿಂದ ಶಾಲೆಗಳಿಗೆ ವರ್ಷಕ್ಕೆ ಎರಡು ಸಲ ಶ್ರೇಣಿ ಕೊಡುತ್ತಿದೆ. ಮೊದಲ ಪಟ್ಟಿಯಲ್ಲಿ ಒಂದೂ ಶಾಲೆಗೆ ‘ಎ’ ಶ್ರೇಣಿ ಸಿಗಲಿಲ್ಲ. ಸೇರುವ ಮೊದಲು ಹೊಸ ಪಟ್ಟಿ ನೋಡಿ.

ಶಾಲೆಯ ಬಳಿ ಎಷ್ಟು ವಿಮಾನಗಳಿವೆ ಎಂದು ಕೇಳಬೇಡಿ, ಇಂದು ಹಾರಲು ಸಿದ್ಧವಾಗಿರುವುವು ಎಷ್ಟು ಎಂದು ಕೇಳಿ. ಲೆಕ್ಕ ಹೀಗೆ: ಹಾರಬಲ್ಲ ವಿಮಾನ 10, ಒಂದೊಂದು ತಿಂಗಳಿಗೆ 60 ಗಂಟೆ ಹಾರಿದರೆ ಒಟ್ಟು 600 ಗಂಟೆ. ವಿದ್ಯಾರ್ಥಿಗಳು 40 ಇದ್ದರೆ ತಲಾ 15 ಗಂಟೆ, ಹದಿಮೂರು–ಹದಿನಾಲ್ಕು ತಿಂಗಳಲ್ಲಿ 200 ಮುಗಿಯುತ್ತದೆ. ಅದೇ ವಿದ್ಯಾರ್ಥಿಗಳು 100 ಇದ್ದರೆ ತಲಾ 6 ಗಂಟೆ, ಮೂವತ್ತಮೂರು ತಿಂಗಳು. ಮಳೆಗಾಲದ ಮೋಡ, ಉತ್ತರದಲ್ಲಿ ಚಳಿಗಾಲದ ಮಂಜು ಇದರ ಮೇಲೆ ಇನ್ನಷ್ಟು ತಿನ್ನುತ್ತವೆ. ತಡವಾದಾಗ ಹಾಸ್ಟೆಲ್ ಬಾಡಿಗೆ ಏರುವುದಷ್ಟೇ ಅಲ್ಲ, ಕೈ ಪಳಗುವುದು ನಿಂತು ಹಳೆಯ ಪಾಠಕ್ಕೇ ಮತ್ತೆ ಗಂಟೆ ಸುಡಬೇಕಾಗುತ್ತದೆ. ಲೈಸೆನ್ಸ್ ಅರ್ಜಿಗೆ ಮುಂಚಿನ ಆರು ತಿಂಗಳಲ್ಲಿ 15 ಗಂಟೆ ಹಾರಿರಬೇಕೆಂಬ ನಿಯಮವೂ ಹೀಗೆ ಎಳೆದಾಡಿದವರಿಗೆ ಕೊನೆಯಲ್ಲಿ ಎಡವುಗಲ್ಲು.

ಮಲ್ಟಿ-ಎಂಜಿನ್ ವಿಮಾನ ಒಂದೇ ಇದ್ದು ಅದು ಹ್ಯಾಂಗರ್‌ನಲ್ಲಿ ಬಿಡಿಭಾಗಕ್ಕೆ ಕಾಯುತ್ತಿದ್ದರೆ ಇಡೀ ತಂಡವೇ ಕಾಯುತ್ತದೆ. ರಾತ್ರಿ ಹಾರಾಟಕ್ಕೆ ರನ್‌ವೇ ದೀಪ, ಕಂಟ್ರೋಲ್ ಟವರ್‌ನ ಸಮಯ ಇದೆಯೇ ನೋಡಿ. ಶುಲ್ಕವನ್ನು ಒಮ್ಮೆಲೇ ಕೇಳಿದರೆ ಒಪ್ಪಬೇಡಿ. ಹಾರಿದ ಗಂಟೆಗೆ ತಕ್ಕ ಕಂತು, ಬಿಟ್ಟುಹೋದರೆ ಮರುಪಾವತಿಯ ಷರತ್ತು ಎರಡೂ ಬರಹದಲ್ಲಿ ಇರಲಿ. ಮೂರು ತಿಂಗಳ ಹಿಂದೆ ಸೇರಿದ ವಿದ್ಯಾರ್ಥಿಯನ್ನು ಹುಡುಕಿ, ಲಾಗ್‌ಬುಕ್ ತೋರಿಸಲು ಕೇಳಿಕೊಳ್ಳಿ. ಕರಪತ್ರಕ್ಕಿಂತ ಅದು ಹೆಚ್ಚು ನಿಜ ಹೇಳುತ್ತದೆ.

ವಾಯುಪಡೆ ಕಲಿಯಲಾಗದವರನ್ನು ನಿಲ್ಲಿಸುತ್ತದೆ. ಹಣ ಕಟ್ಟುವವರೆಗೆ ಸಿವಿಲ್ ಶಾಲೆಯಲ್ಲಿ ಹಾಗೆ ನಿಲ್ಲಿಸುವವರು ವಿರಳ. ಸೋಲೊಗೆ ಬೇರೆಯವರಿಗಿಂತ ದುಪ್ಪಟ್ಟು ಗಂಟೆ ಬೇಕಾಗುತ್ತಿದ್ದರೆ ಅಲ್ಲೇ ನಿಂತು, ಹಿರಿಯ ಇನ್‌ಸ್ಟ್ರಕ್ಟರ್ ಬಳಿ ನೇರವಾಗಿ ಕೇಳುವ ಜವಾಬ್ದಾರಿ ನಿಮ್ಮದು, ನಿಮ್ಮ ಮನೆಯವರದು.

ಖರ್ಚು ದೇಶದೊಳಗೆ ಸಾಮಾನ್ಯವಾಗಿ 40ರಿಂದ 60 ಲಕ್ಷ. ಮಲ್ಟಿ-ಎಂಜಿನ್ ಮತ್ತು ಇನ್‌ಸ್ಟ್ರುಮೆಂಟ್ ರೇಟಿಂಗ್, ಅಂದರೆ ಲೈಸೆನ್ಸ್‌ಗೆ ಸೇರಿಸುವ ಹೆಚ್ಚುವರಿ ಅರ್ಹತೆ ಇದರೊಳಗಿದೆಯೋ ಹೊರಗೋ ಖಚಿತಪಡಿಸಿಕೊಳ್ಳಿ. ಆಮೇಲೆ ಎ320 ಅಥವಾ 737ರಂಥ ವಿಮಾನಕ್ಕೆ ಟೈಪ್ ರೇಟಿಂಗ್, ಅಂದರೆ ಆ ಮಾದರಿಯನ್ನೇ ಹಾರಿಸುವ ಅರ್ಹತೆ, ಇನ್ನೂ 12ರಿಂದ 20 ಲಕ್ಷ. ಸಾಲ ಮಾಡುವವರು ಕಂತಿನ ಲೆಕ್ಕ ಮೊದಲೇ ಹಾಕಿ: 60 ಲಕ್ಷಕ್ಕೆ ಶೇ. 11 ಬಡ್ಡಿ, ಹತ್ತು ವರ್ಷದ ಅವಧಿ ಎಂದರೆ ತಿಂಗಳಿಗೆ ಸುಮಾರು 82,600 ರೂಪಾಯಿ. ಕಲಿಯುವ ಎರಡು ವರ್ಷದ ಬಡ್ಡಿಯೇ 13 ಲಕ್ಷ ದಾಟುತ್ತದೆ, ಅದು ಬೇರೆ. ಕೆಲಸ ಒಂದು ವರ್ಷ ತಡವಾದರೂ ಈ ಕಂತು ಕಟ್ಟಬಲ್ಲ ಆದಾಯ ಮನೆಯಲ್ಲಿ ಇದೆಯೇ? ಇಲ್ಲವೆಂದರೆ ಇರುವ ಒಂದೇ ಮನೆಯನ್ನೋ ಹೊಲವನ್ನೋ ಅಡಮಾನಕ್ಕಿಡಬೇಡಿ. ಏರ್‌ಲೈನ್‌ಗಳು ನೇಮಕಾತಿ ನಿಲ್ಲಿಸಿದ ವರ್ಷಗಳು ಹಿಂದೆ ಬಂದಿವೆ, ಮುಂದೆಯೂ ಬರುತ್ತವೆ. ಆ ಹೊತ್ತಲ್ಲೂ ಇನ್‌ಸ್ಟ್ರುಮೆಂಟ್ ರೇಟಿಂಗ್ ವರ್ಷವರ್ಷ ನವೀಕರಿಸಬೇಕು, ಮೆಡಿಕಲ್ ಮಾಡಿಸಬೇಕು. ಕೆಲಸದ ಆದೇಶ ಕೈಯಲ್ಲಿ ಇಲ್ಲದೆ ಟೈಪ್ ರೇಟಿಂಗ್‌ಗೆ ಹಣ ಹಾಕುವುದು ಎಲ್ಲಕ್ಕಿಂತ ದುಬಾರಿ ತಪ್ಪು. ಹಾರಿಸದೆ ಇದ್ದರೆ ಅದು ಹಳಸುತ್ತದೆ, ನಿಮ್ಮನ್ನು ಕರೆಯುವ ಸಂಸ್ಥೆ ಬೇರೆ ವಿಮಾನದ್ದೂ ಆಗಿರಬಹುದು.

ಏರ್‌ಲೈನ್‌ಗಳ ಕೆಡೆಟ್ ಯೋಜನೆಗಳು ಕೋಟಿಯ ಆಸುಪಾಸಿಗೆ ಹೋಗುತ್ತವೆ, ಅದರಾಚೆಗೂ. ಅಲ್ಲಿ ಕೊಳ್ಳುವುದು ತರಬೇತಿಗಿಂತ ಹೆಚ್ಚಾಗಿ ಕ್ರಮ: ಮೊದಲೇ ಆಯ್ಕೆ, ನಿಗದಿತ ಶಾಲೆ, ಕೊನೆಗೆ ಷರತ್ತಿನ ಮೇಲೆ ಕೆಲಸ. ಷರತ್ತು ಎಂಬ ಪದವನ್ನು ಒಪ್ಪಂದದಲ್ಲಿ ಹುಡುಕಿ ಓದಿ. ಅಮೆರಿಕ, ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್‌ಗಳಲ್ಲಿ ಹವೆ ಮತ್ತು ವಿಮಾನಗಳ ಸಂಖ್ಯೆಯಿಂದ ಬೇಗ ಮುಗಿಯಬಹುದು. ಆದರೆ ವಾಪಸು ಬಂದು ಲೈಸೆನ್ಸ್ ಪರಿವರ್ತಿಸುವಾಗ ಲಾಗ್‌ಬುಕ್ ಡಿಜಿಸಿಎ ಅಳತೆಗೆ ಹೊಂದಬೇಕು. ಅಲ್ಲಿನ ಲೈಸೆನ್ಸ್ ಸಿಕ್ಕಿದೆ, ಇಲ್ಲಿ 100 ಗಂಟೆಯ ಕಮಾಂಡ್ ಅಥವಾ ರಾತ್ರಿಯ 5 ಗಂಟೆ ತುಂಬಿಲ್ಲ ಎಂದು ಸಿಕ್ಕಿಕೊಳ್ಳುವವರು ಇದ್ದೇ ಇರುತ್ತಾರೆ. ಮೇಲಿನ ಗಂಟೆಗಳ ಪಟ್ಟಿಯನ್ನು ಅಲ್ಲಿನ ಇನ್‌ಸ್ಟ್ರಕ್ಟರ್‌ಗೆ ಮೊದಲ ದಿನವೇ ಕೊಡಿ.

ಒಂದರಿಂದ ಇನ್ನೊಂದಕ್ಕೆ

“ವಾಯುಪಡೆಯಲ್ಲಿ ಉಚಿತವಾಗಿ ಕಲಿತು ಆಮೇಲೆ ಏರ್‌ಲೈನ್‌ಗೆ ಬರುತ್ತೇನೆ” ಎಂಬ ಲೆಕ್ಕಾಚಾರ ಕೇಳಿಬರುತ್ತದೆ. ನಿಗದಿತ ಅವಧಿಯ ನೇಮಕವಾದ ಶಾರ್ಟ್ ಸರ್ವಿಸ್‌ನ ಫ್ಲೈಯಿಂಗ್ ಶಾಖೆಗೆ ಅವಧಿ 14 ವರ್ಷ, ಪಿಂಚಣಿ ಇಲ್ಲ. ಪಿಂಚಣಿಗೆ 20 ವರ್ಷ ಬೇಕು. ಪರ್ಮನೆಂಟ್ ಕಮಿಷನ್‌ನವರು ನಡುವೆ ಬಿಡಲು ಅನುಮತಿ ಬೇಕು, ಪೈಲಟ್‌ಗಳಿಗೆ ಅದು ಸುಲಭದಲ್ಲಿ ಸಿಗದು. ಹೊರಬಂದಾಗ ಡಿಜಿಸಿಎ ನಿಮ್ಮ ಗಂಟೆಗಳನ್ನು ಪರಿಗಣಿಸುತ್ತದೆ, ಆದರೂ ರೆಗ್ಯುಲೇಷನ್ಸ್, ಆರ್‌ಟಿಆರ್, ಕ್ಲಾಸ್-1 ಉಂಟು. ಟ್ರಾನ್ಸ್‌ಪೋರ್ಟ್‌ನವರಿಗೆ ಬದಲಾವಣೆ ಸಲೀಸು. ಹೆಲಿಕಾಪ್ಟರ್‌ನವರು ಏರ್‌ಲೈನ್‌ಗೆ ಬರಬೇಕಾದರೆ ವಿಮಾನದ ಗಂಟೆಗಳನ್ನು ಸ್ವಂತ ಖರ್ಚಿನಲ್ಲಿ ಕೂಡಿಸಬೇಕು. ಮೂವತ್ತಾರರ ಹೊತ್ತಿಗೆ ಹೊರಬಂದವರು ಏರ್‌ಲೈನ್‌ನಲ್ಲಿ ಕೋ-ಪೈಲಟ್ ಸಾಲಿನ ಕೊನೆಯಲ್ಲಿ ನಿಲ್ಲುತ್ತಾರೆ. ಅಷ್ಟರಲ್ಲಿ ಇಪ್ಪತ್ತೊಂದಕ್ಕೆ ಸಿಪಿಎಲ್ ಮುಗಿಸಿ ಬೇಗ ಕೆಲಸ ಹಿಡಿದವರು, 1,500 ಗಂಟೆ ಬೇಡುವ ಎಟಿಪಿಎಲ್, ಅಂದರೆ ಏರ್‌ಲೈನ್ ಪೈಲಟ್‌ನ ಮೇಲಿನ ಲೈಸೆನ್ಸ್ ದಾಟಿ ಕ್ಯಾಪ್ಟನ್ ಆಗಿರುತ್ತಾರೆ. ಗುರಿ ಏರ್‌ಲೈನ್ ಒಂದೇ ಆದರೆ ವಾಯುಪಡೆ ಅದಕ್ಕೆ ಹತ್ತಿರದ ದಾರಿಯಲ್ಲ. ಸೇವೆಯ ಬದುಕೇ ಬೇಕೆನ್ನುವವರಿಗೆ ಅದಕ್ಕೆ ಸಾಟಿಯೂ ಇಲ್ಲ.

ನಿಮ್ಮ ಸ್ಥಿತಿ ಯಾವುದು?

ವಯಸ್ಸು 17, ಕಣ್ಣು ಸರಿ, ಮನೆಯಲ್ಲಿ ಹಣವಿಲ್ಲ: ಎನ್‌ಡಿಎ ಬರೆಯಿರಿ. ಆಗದಿದ್ದರೆ ಪದವಿಗೆ ಸೇರಿ, ಎನ್‌ಸಿಸಿ ಏರ್ ವಿಂಗ್ ಇರುವ ಕಾಲೇಜನ್ನೇ ಹುಡುಕಿ, ಎಎಫ್‌ಕ್ಯಾಟ್‌ಗೆ ಬೇಕಾದ ಶೇ. 60 ಅಂಕವನ್ನು ಕೈಬಿಡಬೇಡಿ. ಪಿಯುಸಿಯ ಫಿಸಿಕ್ಸ್, ಮ್ಯಾಥ್ಸ್ ಎರಡರಲ್ಲೂ ಶೇ. 50 ಬೇಕು ಎಂಬುದನ್ನು ಮರೆತು ಆಮೇಲೆ ಪರಿತಪಿಸಿದವರಿದ್ದಾರೆ.

ಕನ್ನಡಕದ ಮೈನಸ್ ನಂಬರು ಇದೆ, ಹಣ ಹೊಂದಿಸಬಹುದು: ಕ್ಲಾಸ್-1 ಮಾಡಿಸಿ, ಮೂರು ಪರೀಕ್ಷೆ ಮುಗಿಸಿ, ಆಮೇಲೆ ಶಾಲೆ ಹುಡುಕಿ.

ನಂಬರೂ ಇದೆ, ಹಣವೂ ಇಲ್ಲ: ಇಗ್ರುವಾ ಪ್ರವೇಶ ಪರೀಕ್ಷೆ ಬರೆಯಬಹುದು, ಆದರೆ ಅಲ್ಲೂ ಶುಲ್ಕ ಹಲವು ಲಕ್ಷ. ಎಂಜಿನಿಯರಿಂಗ್ ಅಥವಾ ಬೇರೆ ಪದವಿ ಮಾಡಿ, ನಾಲ್ಕೈದು ವರ್ಷ ದುಡಿದು, 27–28ಕ್ಕೆ ಸಿಪಿಎಲ್‌ಗೆ ಬರುವುದು ಅವಮಾನದ ದಾರಿಯಲ್ಲ. ಆ ವರ್ಷಗಳಲ್ಲಿ ರೆಗ್ಯುಲೇಷನ್ಸ್, ಮೀಟಿಯರಾಲಜಿ ಪರೀಕ್ಷೆಗಳನ್ನು ಮನೆಯಲ್ಲೇ ಓದಿ ಬರೆಯಬಹುದು. ಫಲಿತಾಂಶಗಳಿಗೆ ಅವಧಿ ಇರುವುದರಿಂದ ಶಾಲೆಗೆ ಸೇರುವ ವರ್ಷಕ್ಕೆ ಸಮೀಪವಾಗಿಯೇ ಬರೆಯಿರಿ.

ಕಣ್ಣೂ ಸರಿ, ಹಣವೂ ಇದೆ, ಮನಸ್ಸು ಎರಡೂ ಕಡೆ: ಎನ್‌ಡಿಎಗೆ ಒಂದೂ ಅವಕಾಶ ಬಿಡದೆ ಬರೆಯಿರಿ. ಆಗದಿದ್ದರೆ ಪದವಿಯ ಜೊತೆಗೇ ಸಿಪಿಎಲ್ ಶುರುಮಾಡಿ. ಲೈಸೆನ್ಸ್ ಕೈಯಲ್ಲಿದ್ದರೆ 26ರವರೆಗೆ ಎಎಫ್‌ಕ್ಯಾಟ್‌ನ ಬಾಗಿಲು ತೆರೆದೇ ಇರುತ್ತದೆ, ಸಿಪಿಎಸ್‌ಎಸ್‌ನಲ್ಲಿ ಆ ಮೊದಲು ಸೋತಿರದಿದ್ದರೆ.